ಚಂಚಲಕ್ಕನ ಏರು

ಮನೆಯ ಕಿಟಕಿಗಳಿಗೆ ಬಣ್ಣ ಬಳಿಯುವವರು ಬಂದಿದ್ದಾರೆ. ನಿನ್ನೆ ಬೆಳಿಗ್ಗೆ ಅವರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನಾನು ಕೈಯಲ್ಲಿದ್ದ ಚಹಾವನ್ನು ಮರೆತು ನಿಂತುಬಿಟ್ಟೆ. ಬೇರೆಯವರಿಗೆ ಹಳೆಯ ದಿನಗಳು ಮಲ್ಲಿಗೆಯಿಂದಲೋ ಬೇಯಿಸಿದ ಹಲಸಿನ ಬೀಜದಿಂದಲೋ ನೆನಪಾಗುತ್ತವಂತೆ. ನನ್ನ ಅದೃಷ್ಟ ನೋಡಿ, ನನಗೆ ಟರ್ಪೆಂಟೈನ್‌ನಿಂದ. ದನ, ನಾಯಿಗಳ ಹುಳ ಬಿದ್ದ ಗಾಯಕ್ಕೆ ಮೊದಲು ಅದನ್ನು ಹಾಕಬೇಕು, ಹುಳಗಳು ಹೊರಬಿದ್ದ ಮೇಲೆ ಬೇವಿನ ಎಣ್ಣೆ. ಈ ವಿದ್ಯೆಯನ್ನು ನನಗೆ ಕಲಿಸಿದವರು ಒಬ್ಬ ಸಿನಿಮಾ ನಟಿ ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ತಂದೆಯೂ ನಂಬಿರಲಿಲ್ಲ.

ಅರುವತ್ತರ ದಶಕದ ಮೊದಲ ವರ್ಷಗಳು. ಮೂಡುಬಿದಿರೆಯ ಮನೆಯಿಂದ ಹೆಚ್ಚು ದೂರ ಹೋಗಿ ಗೊತ್ತಿಲ್ಲದ ನನಗೆ ಮಡಂತ್ಯಾರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಬಾಡಿಗೆಗೆ ಕೋಣೆ ಹುಡುಕಲು ತಂದೆ ಜೊತೆಗೆ ಬಂದರು. ಪೇಟೆಯ ಹೊರಗೆ, ಏರು ರಸ್ತೆಯ ಬದಿಯಲ್ಲಿ, ಒಬ್ಬರೇ ಇರುವ ಹೆಂಗಸಿನ ಮನೆ ಉಂಟು ಎಂದು ಯಾರೋ ಹೇಳಿದರು. ಒಬ್ಬರೇ ಇರುವ ಹೆಂಗಸು ಎಂಬ ಮಾತೇ ತಂದೆಗೆ ಸಾಕಾಯಿತು. ಹಿಂದೆಮುಂದೆ ವಿಚಾರಿಸದೆ ಮಾತು ಮುಗಿಸಿದರು. ಆಮೇಲೆ ನೀರು ಬೆಲ್ಲ ತಗೊಂಡು ಕೂತಾಗ ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬಿತ್ತು. ಪ್ಯಾಂಟು ಹಾಕಿ, ಅಗಲ ಟೊಪ್ಪಿ ಇಟ್ಟು, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಕುದುರೆಯ ಪಕ್ಕ ನಿಂತ ಆಳು.

"ಇವರು ನಿಮ್ಮ ತಮ್ಮನಾ?" ಎಂದರು ತಂದೆ.

"ಅಲ್ಲ, ನಾನೇ," ಎಂದರು ಮನೆಯೊಡತಿ, ಇನ್ನಷ್ಟು ಬೆಲ್ಲ ಬಡಿಸುತ್ತ.

ತಂದೆ ನನ್ನ ಮುಖ ನೋಡಿದರು, ಫೋಟೋ ನೋಡಿದರು, ಕೊನೆಗೆ ಬೆಲ್ಲ ನೋಡಿದರು. ಕೊಟ್ಟ ಮಾತನ್ನು ಹಿಂದೆ ಪಡೆಯುವವರಲ್ಲ ಅವರು. ಹೀಗಾಗಿ ನಾನು ಮಿಸ್ ಚಂಚಲಾ ಅವರ ಮನೆಯಲ್ಲಿ ಉಳಿದೆ.

ಅವರ ನಿಜವಾದ ಹೆಸರು ಚಂದ್ರಾವತಿ. ಹುಟ್ಟಿದ್ದು ಬಂಟ್ವಾಳದ ಹತ್ತಿರ. ಅಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಹಿಂದೆ ಹುಡುಗಿಯಾಗಿದ್ದಾಗಲೇ ಹೊರಟವರು, ಕಂಪನಿ ಮದರಾಸಿನಲ್ಲಿ ಮುಳುಗಿದಾಗ ಅಲ್ಲಿಯೇ ಉಳಿದರು. ಅಮೆರಿಕದ ದನಗಾಹಿಗಳ ಚಿತ್ರ ನೋಡಿದ ಯಾರೋ ಒಬ್ಬ ನಿರ್ಮಾಪಕ ಅಂಥದ್ದೇ ಚಿತ್ರ ಮಾಡಲು ಹೊರಟು, ಬೀಳಲು ಹೆದರದ ಹೆಂಗಸನ್ನು ಹುಡುಕುತ್ತಿದ್ದನಂತೆ. ಕುದುರೆ ಸವಾರಿ ಬರುತ್ತದೆಯೇ ಎಂದು ಕೇಳಿದ್ದಕ್ಕೆ, ಕುದುರೆಯನ್ನು ಹತ್ತಿರದಿಂದ ನೋಡಿಯೂ ಇಲ್ಲದ ಇವರು ಬರುತ್ತದೆ ಎಂದರು. ಮೊದಲ ದಿನ ಒಂದು ಬದಿಯಿಂದ ಹತ್ತಿದಷ್ಟೇ ವೇಗದಲ್ಲಿ ಇನ್ನೊಂದು ಬದಿಯಿಂದ ಇಳಿದಿದ್ದರು. ಆಮೇಲೆ ಕೆಲವು ವರ್ಷ ಮದರಾಸು ಸೀಮೆಯ ಟೆಂಟ್ ಸಿನಿಮಾಗಳಲ್ಲಿ ಮಿಸ್ ಚಂಚಲಾ ಹೆಸರು ಕೇಳಿದರೆ ಜನ ಶಿಳ್ಳೆ ಹಾಕುತ್ತಿದ್ದರಂತೆ.

ನಾನು ಕಂಡ ಚಂಚಲಕ್ಕ ನಡುವಯಸ್ಸಿನ, ಗಟ್ಟಿ ತೋಳಿನ ಹೆಂಗಸು. ವೈಭವದ ಕಾಲದ ಸಾಮಾನುಗಳೆಲ್ಲ ಮನೆಯಲ್ಲಿದ್ದವು, ಆದರೆ ಬೇರೆ ಬೇರೆ ಉದ್ಯೋಗದಲ್ಲಿ. ಟೊಪ್ಪಿಯಲ್ಲಿ ಹೇಂಟೆ ಕಾವು ಕೂತಿತ್ತು. ಮರದ ಪಿಸ್ತೂಲು ಗಾಳಿಗೆ ಬಡಿಯುವ ಕಿಟಕಿಗೆ ಅಡ್ಡ. ಚಾವಟಿಯನ್ನು ಎರಡು ಕಂಬಗಳ ನಡುವೆ ಕಟ್ಟಿ, ನನ್ನ ಸೀರೆಗಳನ್ನು ಅದರ ಮೇಲೆಯೇ ಒಣಗಿಸುತ್ತಿದ್ದೆ. ಉಳಿದದ್ದೆಲ್ಲ ಪ್ರಾಣಿಗಳು: ಒಕ್ಕಣ್ಣಿನ ಎತ್ತು, ಮೂರು ಕಾಲಿನ ನಾಯಿ, ಅಗಸರು ಬಿಟ್ಟುಹೋದ ಕತ್ತೆ, ಲೆಕ್ಕಕ್ಕೆ ಸಿಗದ ಬೆಕ್ಕುಗಳು. ನನಗೋ, ಕರುವೊಂದು ಮುಖ ನೋಡಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಲ ವಾರವೆಲ್ಲ ಕೊಡೆಯನ್ನು ಬಿಚ್ಚಿ ಮುಂದೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದೆ. ಕತ್ತೆ ಅದನ್ನು ನನ್ನ ಊರಿನ ಪದ್ಧತಿ ಎಂದುಕೊಂಡಿರಬೇಕು, ಮರ್ಯಾದೆಯಿಂದ ದಾರಿ ಬಿಡುತ್ತಿತ್ತು.

ಸಿನಿಮಾ ಬಿಟ್ಟದ್ದು ಯಾಕೆ ಎಂದು ಊರಿನಲ್ಲಿ ತಲೆಗೊಂದು ಕಥೆಯಿತ್ತು. ಅವರನ್ನೇ ಕೇಳಿದರೆ "ಸಾಕಾಯ್ತು" ಎಂಬ ಒಂದೇ ಉತ್ತರ.

ಮನೆಯ ಎದುರಿನ ಏರಿನ ಬಗ್ಗೆ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಬಂಟ್ವಾಳದಿಂದ ಅಕ್ಕಿ ಮೂಟೆ, ಹಂಚು ಹೇರಿಕೊಂಡು ಬೆಳ್ತಂಗಡಿ ಕಡೆಗೆ ಹೋಗುವ ಎತ್ತಿನ ಗಾಡಿಗಳೆಲ್ಲ ಅದನ್ನು ಹತ್ತಬೇಕು. ಹೆಚ್ಚಿನ ಗಾಡಿಗಳು ಅಕ್ಕಿ ವ್ಯಾಪಾರದ ತಿಮ್ಮಪ್ಪ ಶೆಟ್ಟರವು. ಒಂದು ದಿನ ಅವರ ಗಾಡಿಯೊಂದರ ಎತ್ತು ಏರಿನ ನಡುವೆ ಮೊಣಕಾಲೂರಿತು. ಗಾಡಿ ಹೊಡೆಯುವ ಇಸುಬು ಬ್ಯಾರಿ ಬಾರುಕೋಲು ಎತ್ತುವಷ್ಟರಲ್ಲಿ ಚಂಚಲಕ್ಕ ರಸ್ತೆಗೆ ಇಳಿದಿದ್ದರು, ಸಿನಿಮಾ ಕಾಲದ ಪ್ಯಾಂಟಿನಲ್ಲಿ. ಚಕ್ರಕ್ಕೆ ಹೆಗಲು ಕೊಡುವಾಗ ಸೀರೆ ಕಾಲಿಗೆ ಸಿಕ್ಕುತ್ತದೆಂದು ಆ ಪ್ಯಾಂಟನ್ನು ಬಾಗಿಲ ಹಿಂದೆ ತೂಗುಹಾಕಿರುತ್ತಿದ್ದರು.

ಹೊಡೆಯಬೇಡ ಎಂದು ಅವರು ಗದರಿದ್ದಕ್ಕೆ ಇಸುಬು ಬ್ಯಾರಿ ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡ. "ಎತ್ತು ನನ್ನದಲ್ಲ ಅಕ್ಕ, ಮೂಟೆಯೂ ನನ್ನದಲ್ಲ. ನನ್ನದು ಅಂತ ಇರುದು ಈ ಕೋಲು ಮಾತ್ರ. ಹೊತ್ತಿಗೆ ಮುಟ್ಟಿಸದಿದ್ರೆ ಅದೂ ಇಲ್ಲ."

ಚಂಚಲಕ್ಕ ನೊಗ ಕಳಚಿದರು. ಮೂಟೆಗಳಲ್ಲಿ ಅರ್ಧದಷ್ಟನ್ನು ಇಬ್ಬರೂ ಸೇರಿ ಮನೆಯೊಳಕ್ಕೆ ಸಾಗಿಸಿದರು. ಸಂಜೆ ನಾನು ಶಾಲೆಯಿಂದ ಬಂದಾಗ ನನ್ನ ಮಂಚದ ಮೇಲೆ ಶೆಟ್ಟರ ಅಕ್ಕಿ ಮಲಗಿತ್ತು.

ಅದರ ಹಿಂದೆಯೇ ಶೆಟ್ಟರೂ ಬಂದರು. ಕೆಟ್ಟವರಲ್ಲ, ಆದರೆ ತನ್ನ ಮೂಟೆ ಇನ್ನೊಬ್ಬರ ಮನೆಯಲ್ಲಿರುವುದನ್ನು ಸಹಿಸುವವರಲ್ಲ. ಪೊಲೀಸರಿಗೆ ಹೇಳುತ್ತೇನೆಂದರು. ಹೇಳಿ, ಎತ್ತಿನ ಮೊಣಕಾಲನ್ನೂ ಅವರಿಗೆ ತೋರಿಸುವ ಎಂದರು ಚಂಚಲಕ್ಕ. ಹೊರಡುವಾಗ ಶೆಟ್ಟರು ಗೋಡೆಯ ಫೋಟೋದ ಕಡೆ ತಿರುಗಿ ನಕ್ಕರು. ಬರುವ ವಾರ ನನ್ನ ಗದ್ದೆಯಲ್ಲೇ ಟೆಂಟ್ ಸಿನಿಮಾ ಹಾಕುವವರಿದ್ದಾರೆ, ಮಿಸ್ ಚಂಚಲಾ ಇರುವ ಚಿತ್ರವನ್ನೇ ತರಿಸಲು ಹೇಳುತ್ತೇನೆ, ಈ ಅಮ್ಮ ಪ್ರಾಣಿಗಳನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಎಂದು ಊರೆಲ್ಲ ನೋಡಲಿ ಎಂದರು.

ಅವರು ಹೋದ ಮೇಲೆ ಚಂಚಲಕ್ಕ ಯಾವ ಚಿತ್ರವಂತೆ ಎಂದು ಮಾತ್ರ ಕೇಳಿದರು. ನನಗೆ ಗೊತ್ತಿರಲಿಲ್ಲ. ಆ ವಾರವಿಡೀ ಅವರು ಸರಿಯಾಗಿ ಊಟ ಮಾಡಲಿಲ್ಲ. ಒಮ್ಮೆ, ಈ ಮನೆಯನ್ನು ಕೊಟ್ಟು ಬೇರೆ ಕಡೆ ಹೋದರೆ ಕತ್ತೆಯನ್ನು ಯಾರು ಸಾಕುತ್ತಾರೆ ಎಂದು ಕೇಳಿ ನನ್ನ ಮುಖವನ್ನೇ ನೋಡಿದರು. ನಾನು ಕತ್ತೆಯ ಮುಖ ನೋಡಿದೆ. ನಮ್ಮಿಬ್ಬರಿಗೂ ಆ ಪ್ರಶ್ನೆ ಇಷ್ಟವಾಗಲಿಲ್ಲ.

ಸಿನಿಮಾಕ್ಕೆ ಬರುವುದಿಲ್ಲ ಎಂದವರು ಆ ದಿನ ಸಂಜೆ ನನಗಿಂತ ಮೊದಲೇ ಹೊರಟು ನಿಂತಿದ್ದರು. ಮೊದಲ ಆಟಕ್ಕೇ ಟೆಂಟು ತುಂಬಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಶೆಟ್ಟರಿಗೆ ಎಲ್ಲರಿಗಿಂತ ಮುಂದೆ ಕೈಯಿರುವ ಕುರ್ಚಿ. ತಮಿಳು ಚಿತ್ರ, ಯಾರಿಗೂ ಅರ್ಥವಾಗದು. ಆದರೆ ಕುದುರೆ ಓಡುವುದಕ್ಕೆ ಭಾಷೆ ಬೇಡವಲ್ಲ. ಪರದೆಯ ಮೇಲೆ ಮಿಸ್ ಚಂಚಲಾ ಮಹಡಿಯಿಂದ ನೆಗೆದು ಕುದುರೆಯ ಬೆನ್ನಿಗೆ ಬಿದ್ದರು. ಟೆಂಟು ಕುಣಿಯಿತು. ನಮ್ಮ ಚಂಚಲಕ್ಕನ ಮೇಲಿನ ಅಭಿಮಾನಕ್ಕೆ ಇಸುಬು ಬ್ಯಾರಿ ಹಾಕಿದ ಶಿಳ್ಳೆಗೆ ಹೊರಗೆ ಕಟ್ಟಿದ್ದ ಅವನ ಗಾಡಿಯ ಎತ್ತುಗಳೇ ಹೊರಟುಬಿಟ್ಟವಂತೆ. ಪರದೆಯಲ್ಲಿ ಚಾವಟಿ ಬೀಸಿದಾಗಲೆಲ್ಲ ಶೆಟ್ಟರು ಹಿಂದಕ್ಕೆ ತಿರುಗಿ "ನೋಡಿದ್ರಾ, ಇದು ದಯೆ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ನಾನು ತಲೆ ತಗ್ಗಿಸಿ ಕೂತಿದ್ದೆ.

ಅಷ್ಟರಲ್ಲಿ ಪರದೆಯ ಮೇಲೆ ಕುದುರೆ ಪೂರ್ತಿ ವೇಗದಲ್ಲಿ ಬಂದು, ಏನೋ ತಡೆದಂತೆ, ತಲೆ ಕೆಳಗಾಗಿ ಬಿತ್ತು. ಅಬ್ಬಾ, ಬಿದ್ದದ್ದೆಂದರೆ ಬಿದ್ದದ್ದು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಪಕ್ಕದಲ್ಲಿ ಚಂಚಲಕ್ಕ ಇರಲಿಲ್ಲ. ಪರದೆಯ ಮುಂದೆ, ಬೆಳಕಿನ ನಡುವೆ ನಿಂತಿದ್ದರು. ಬಿದ್ದ ಕುದುರೆಯ ಮೇಲೆ ಅವರ ನೆರಳು ದೊಡ್ಡದಾಗಿ ಬಿದ್ದಿತ್ತು. ಕೂತುಕೊಳ್ಳಿ ಎಂದು ಹಿಂದಿನಿಂದ ಕೂಗಿದರು. ಅವರು ಕೂರಲಿಲ್ಲ. ದನಿ ಏರಿಸಲೂ ಇಲ್ಲ.

"ಇದರ ಹೆಸರು ಮೋತಿ. ಬೀಳ್ಬೇಕು ಅಂತಲೇ ಕಾಲಿಗೆ ಹಗ್ಗ ಕಟ್ಟಿದ್ರು. ನನಗೆ ಹೇಳಿರ್ಲಿಲ್ಲ. ನಾನು ಎದ್ದೆ, ಇದು ಏಳ್ಲಿಲ್ಲ. ಕಾಲು ಮುರಿದಿತ್ತು, ಗುಂಡು ಹೊಡೆದ್ರು." ಶೆಟ್ಟರ ಕುರ್ಚಿಯ ಕಡೆ ತಿರುಗಿದರು. "ಶೆಟ್ರೇ, ನಾನು ಚಾವಟಿ ಬೀಸಿದ್ದು ಹೌದು. ಗೊತ್ತಿದ್ದೇ ಹೇಳುದು, ಅಷ್ಟು ಹೇರ್ಬೇಡಿ."

ಯಂತ್ರ ತಿರುಗುತ್ತಲೇ ಇತ್ತು. ಗಾಬರಿಯಾದ ಆಪರೇಟರ್ ನಿಲ್ಲಿಸುವುದನ್ನು ಮರೆತಿದ್ದ. ಪರದೆಯಲ್ಲಿ ಮಿಸ್ ಚಂಚಲಾ ಕುದುರೆಯ ಸಮೇತ ಧೂಳು ಕೊಡವಿಕೊಂಡು ಮತ್ತೆ ಓಡತೊಡಗಿದರು. ಯಾರೋ ಒಬ್ಬ ಅಜ್ಜ ನೆಮ್ಮದಿಯಿಂದ, "ಬದುಕಿತಲ್ಲ ಮಾರಾಯ್ತಿ, ಅಗೋ ಓಡ್ತಾ ಉಂಟು," ಎಂದರು.

"ಅದು ಬೇರೆ ಕುದುರೆ ಅಜ್ಜ," ಎಂದರು ಚಂಚಲಕ್ಕ. "ಬಾಲ ನೋಡಿ, ಗಿಡ್ಡ."

ಎಲ್ಲರೂ ಬಾಲ ನೋಡಿದರು. ಹೌದು, ಗಿಡ್ಡ. ಯಾಕೋ ಆ ಗಿಡ್ಡ ಬಾಲ ಕಂಡ ಮೇಲೆ ಹೆಂಗಸರ ಕಡೆಯಿಂದ ಮೂಗೆಳೆಯುವ ಸದ್ದು ಶುರುವಾಯಿತು. ಆಗ ಎದ್ದವರು ಶೆಟ್ಟರ ಹೆಂಡತಿ ಪದ್ದಕ್ಕ. ಗಂಡನ ಎದುರು ಮಾತಾಡಿದ್ದನ್ನು ಯಾರೂ ಕೇಳಿರದ ಹೆಂಗಸು.

"ಇವರೇ," ಎಂದರು, ಮನೆಯಲ್ಲಿ ಊಟಕ್ಕೆ ಕರೆಯುವಷ್ಟೇ ಮೆತ್ತಗೆ, "ನಾಳೆಯಿಂದ ಅರ್ಧ ಹೇರಿದ್ರೆ ಸಾಕು."

ಶೆಟ್ಟರು ಉಳಿದ ಸಿನಿಮಾವನ್ನು ಹಿಂದಕ್ಕೆ ತಿರುಗದೆ ನೋಡಿದರು.

ಅರ್ಧ ಹೇರುವುದಕ್ಕೆ ಅವರು ಒಪ್ಪಲಿಲ್ಲ, ವ್ಯಾಪಾರಸ್ಥರು ನೋಡಿ. ಕಾಲು ಭಾಗ ಕಡಿಮೆ ಮಾಡಿ, ಏರಿನ ಬುಡದಲ್ಲಿ ಇನ್ನೊಂದು ಜೋಡಿ ಎತ್ತುಗಳನ್ನು ಇರಿಸಿದರು. ಗಾಡಿ ಬಂದಾಗ ಅವುಗಳನ್ನೂ ಮುಂದೆ ಕಟ್ಟಿ ಹತ್ತಿಸುವುದು. ಇದು ತಮಗೇ ಹೊಳೆದ ಉಪಾಯ ಎಂದು ಮಡಂತ್ಯಾರಿನಿಂದ ಕಕ್ಕಿಂಜೆಯವರೆಗೆ ಹೇಳಿಕೊಂಡು ತಿರುಗಿದರು. ನಮ್ಮ ಮನೆಯಲ್ಲೇ ಕೂತು ಚಂಚಲಕ್ಕನಿಗೂ ವಿವರಿಸಿದರು. ಅವರು ಒಳ್ಳೆಯ ಉಪಾಯ ಎಂದು ತಲೆಯಾಡಿಸಿ ಎತ್ತುಗಳಿಗೆ ತಮ್ಮ ಹಟ್ಟಿಯಲ್ಲೇ ಜಾಗ ಕೊಟ್ಟರು. ಹುಲ್ಲು ಮಾತ್ರ ಶೆಟ್ಟರಿಂದಲೇ ಬರಬೇಕೆಂದರು. ಅದರಲ್ಲಿ ಕತ್ತೆಯ ಪಾಲೂ ಸೇರಿತ್ತೆಂದು ಶೆಟ್ಟರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆಮೇಲೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು, ಮದುವೆಯಾಯಿತು. ಲಾರಿಗಳು ಬಂದು ಗಾಡಿಗಳು ಕಡಿಮೆಯಾದ ಕಾಲದಲ್ಲಿ ಚಂಚಲಕ್ಕ ತೀರಿಕೊಂಡರು. ಸುದ್ದಿ ಹೇಳಲು ಬಂದ ಇಸುಬು ಬ್ಯಾರಿ ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದ. ಪ್ರಾಣಿಗಳನ್ನು ಊರವರು ಹಂಚಿಕೊಂಡಿದ್ದರು, ಶೆಟ್ಟರ ಮನೆಗೂ ಒಂದು ಬೆಕ್ಕು ಹೋಗಿತ್ತು.

ಇದನ್ನೆಲ್ಲ ಬರೆದು ಮುಗಿಸಿದಾಗ ಇವತ್ತು ನಡುಮಧ್ಯಾಹ್ನ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಪಕ್ಕದ ಮನೆಗೆ ಹೊಸದಾಗಿ ಬಂದ ನಿವೃತ್ತ ಮ್ಯಾನೇಜರರು ನಾಯಿಯನ್ನು ಬಿಸಿಲಿಗೆ ಕಾದ ಸಿಮೆಂಟಿನ ಅಂಗಳದಲ್ಲಿ ಕಟ್ಟಿದ್ದರು. ಅದು ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಿತ್ತು. ಜಗಳವೆಂದರೆ ಬೆವರುವವಳು ನಾನು. ಅವರ ಗೇಟು ತೆಗೆದದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ.

"ಅದಕ್ಕೆ ಬಿಸಿಲು ಅಭ್ಯಾಸ ಉಂಟು ಟೀಚರೇ," ಎಂದರು ಮ್ಯಾನೇಜರರು ಒಳಗಿನಿಂದಲೇ.

"ನನಗೆ ಇಲ್ಲ," ಎಂದೆ. "ಆದರೂ ನಿಲ್ತೇನೆ."

ನಾಯಿಯಿಂದ ಸಾಕಷ್ಟು ದೂರದಲ್ಲಿಯೇ ನಿಂತೆ, ಅದನ್ನು ಒಪ್ಪಿಕೊಳ್ಳುತ್ತೇನೆ. ನೆತ್ತಿ ಸುಡುತ್ತಿತ್ತು. ಬಣ್ಣದವರು ಏಣಿಯ ಮೇಲಿಂದ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕೊನೆಗೆ ಬಾಗಿಲು ತೆರೆಯಿತು. ಮ್ಯಾನೇಜರರು ಏನೋ ಗೊಣಗುತ್ತ ಸರಪಳಿ ಬಿಚ್ಚಿ ನಾಯಿಯನ್ನು ಮಾವಿನ ಮರದ ಕೆಳಗೆ ಕಟ್ಟಿದರು. ಆಮೇಲೆ ನನ್ನನ್ನು ಏನು ಮಾಡುವುದೆಂದು ತಿಳಿಯದೆ, ನೆರಳಿಗೆ ಒಂದು ಕುರ್ಚಿ ತಂದಿಟ್ಟರು.