ಈಡನ್ ಗಾರ್ಡನ್ಸಿನಲ್ಲಿ ಕಣ್ಣು ಮುಚ್ಚಿ

ಲಾರಿ ಓಡಿಸುವವನ ಹೆಗಲ ಮೇಲಿನ ಟವೆಲ್ಲು ಎಷ್ಟು ಕೆಲಸಕ್ಕೆ ಬರುತ್ತದೆಂದು ನಿಮಗೆ ಗೊತ್ತೇ? ಬೆವರು ಒರೆಸುವುದು ಅದೇ, ಗಾಜು ಒರೆಸುವುದು ಅದೇ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೇರುವಾಗ ಮೂಗಿಗೆ ಕಟ್ಟಿಕೊಳ್ಳುವುದೂ ಅದನ್ನೇ. ನಮ್ಮ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೊಗಳುತ್ತಾರೆ; ಹೊಗಳುವವರಾರೂ ಅದರ ಧೂಳನ್ನು ಕಣ್ಣಿಗೆ ಒರೆಸಿಕೊಂಡಿರಲಾರರು. ನಾನು ಒರೆಸಿಕೊಂಡಿದ್ದೇನೆ, ಅದೂ ಕೋಲ್ಕತ್ತದ ಈಡನ್ ಗಾರ್ಡನ್ಸ್ ಮೈದಾನದೊಳಗೆ ನಿಂತು.

ನಾನೂ ತಂಗಿ ಶಬಾನಾಳೂ ಒಂದೇ ರೇಡಿಯೊಗೆ ಕಿವಿಯಾನಿಸಿ ಕ್ರಿಕೆಟ್ ಕೇಳುತ್ತ ಬೆಳೆದವರು. ಈಡನ್ನಿನ ಜನಸಾಗರ ಮೊರೆದರೆ ನಮ್ಮ ಮನೆಯ ಹಂಚು ನಡುಗಿದಂತಾಗುತ್ತಿತ್ತು. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟೆ; ಅವಳು ಓದಿ, ರಾಣೆಬೆನ್ನೂರಿನ ಹತ್ತಿರ ಹಲಗೇರಿಯಲ್ಲಿ ಚಿಕ್ಕ ಮಕ್ಕಳಿಗೆ ಟೀಚರಾದಳು. ಈಚೆಗೆ ನನಗೆ ಕೋಲ್ಕತ್ತಕ್ಕೆ ಲೋಡು ಸಿಕ್ಕಾಗ, "ನನ್ನ ಪಾಲಿಂದೂ ನೋಡಿ ಬಾ ಭಾಯ್" ಎಂದು ಕಳಿಸಿದ್ದಳು.

ಅಂದು ಆಟವಿರಲಿಲ್ಲ; ಪುಣ್ಯಾತ್ಮ ಕಾವಲುಗಾರನೊಬ್ಬ ಸ್ವಲ್ಪ ಹೊತ್ತು ಮೈದಾನದೊಳಗೆ ಬಿಟ್ಟ. ಚಪ್ಪಲಿ ಕಳಚಿ ಹುಲ್ಲಿನ ಅಂಚಿಗೆ ಕಾಲಿಟ್ಟದ್ದೇ ತಡ, ಸಂತೋಷಕ್ಕೆ ಕಣ್ಣು ತುಂಬಿತು. ಕೈ ತಾನಾಗಿ ಹೆಗಲಿಗೆ ಹೋಯಿತು. ಆಮೇಲೆ ಕಂಡದ್ದು ಕೆಂಪು, ಬರೀ ಕೆಂಪು. ಕಾವಲುಗಾರನೇ ಕೈ ಹಿಡಿದು ಹೊರಗೆ ತಂದ.

ತಂಗಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಎಲ್ಲ ನೋಡಿದೆ ಎಂದುಬಿಟ್ಟೆ. ಅವಳು ನಂಬಿ, ಮೊನ್ನೆ ನನ್ನನ್ನು ತನ್ನ ತರಗತಿಯಲ್ಲೇ ತಂದು ನಿಲ್ಲಿಸಿದಳು.

"ಬ್ರಿಟಿಷರ ಕಾಲದ್ದದು. ನದಿ ದಂಡಿ ಹತ್ರ ಐತಿ. ಹಾವೇರಿ ಊರ ಮಂದೀನೆಲ್ಲ ತಂದು ಕುಂದ್ರಸಬಹುದು, ಅಷ್ಟು ದೊಡ್ಡದು" ಎಂದು ಮಕ್ಕಳಿಗೆ ಹೇಳಿ, "ಉಳದದ್ದು ಕಣ್ಣಾರೆ ಕಂಡ ಮಾಮಾ ಹೇಳ್ತಾರ" ಎಂದಳು.

ಅವಳ ಮುಖದ ತುಂಬ ಹೆಮ್ಮೆ. ಬಾಯಿ ತೆರೆದು ಕೂತ ಅಷ್ಟು ಮಕ್ಕಳ ಮುಂದೆ ಸುಳ್ಳು ನಾಲಿಗೆಗೆ ಬರಲಿಲ್ಲ. ನಡೆದದ್ದನ್ನು ಹೇಳಿಬಿಟ್ಟೆ.

"ಅಷ್ಟು ದೂರ ಹೋಗಿ ಅತ್ತು ಬಂದ್ರೇನ್ರಿ ಮಾಮಾ?" ಎಂದಳು ಒಬ್ಬ ಹುಡುಗಿ. ತರಗತಿಯೆಲ್ಲ ನಕ್ಕಿತು. ಶಬಾನಾ ನಗಲಿಲ್ಲ.

"ನನಗರ ಖರೇ ಹೇಳಬಾರದಿತ್ತೇನು?" ಎಂದಳು ಮೆಲ್ಲಗೆ. ಆಮೇಲೆ, "ಕಣ್ಣು ಉರೀತಿದ್ದೂವು, ಖರೇ. ಕಿವಿ ಇದ್ದೂವಲ್ಲ? ಕಾಲು ಇದ್ದೂವಲ್ಲ?" ಎಂದು ಮಕ್ಕಳ ಕಡೆ ತಿರುಗಿ, "ಎಲ್ಲಾರೂ ಕಣ್ಣು ಮುಚ್ಚರಿ" ಎಂದಳು. ತಾನೂ ಮುಚ್ಚಿದಳು.

ಹೇಳತೊಡಗಿದೆ: ಅಂಗಾಲಿಗೆ ತಾಗಿದ, ಆಗಷ್ಟೇ ನೀರುಂಡ ಹುಲ್ಲು, ನದಿಯ ಕಡೆಯಿಂದ ಬೀಸಿದ ಗಾಳಿ, ಪಾರಿವಾಳಗಳ ರೆಕ್ಕೆಯ ಚಪ್ಪಾಳೆ, "ಯಾ ಅಲ್ಲಾ" ಎಂದು ನಾನು ಚೀರಿದ್ದು ಖಾಲಿ ಮೆಟ್ಟಿಲುಗಳನ್ನೆಲ್ಲ ಸುತ್ತಿ ನನ್ನ ಬಳಿಗೇ ಮರಳಿದ್ದು. ಹೇಳುತ್ತ ಹೇಳುತ್ತ ನನಗೇ ಅಚ್ಚರಿ. ಕಣ್ಣು ಒಂದು ಸಲಕ್ಕೆ ಒಂದೇ ಕಡೆ ನೋಡುತ್ತದೆ. ಕಿವಿಯಾದರೋ ಸುತ್ತಲೂ ಕೇಳುತ್ತದೆ. ದುಂಡಗಿನ ಮೈದಾನಕ್ಕೆ ಕಿವಿಯೇ ಸರಿಯೇನೋ! ಯಾವನೋ ಹುಡುಗ ಕಣ್ಣು ಮುಚ್ಚಿಕೊಂಡೇ "ಸಿಕ್ಸ್!" ಎಂದು ಕೂಗಿದ, ತರಗತಿ ಗದ್ದಲದಿಂದ ತುಂಬಿಹೋಯಿತು.

ನಾನು ನಿಲ್ಲಿಸಿದೆ. ಮಕ್ಕಳು ಕಣ್ಣು ತೆರೆದರು. ತಂಗಿ ತೆರೆಯಲಿಲ್ಲ.

"ನಿಲ್ಲಸಬ್ಯಾಡೋ ಭಾಯ್" ಎಂದಳು, "ನಾ ಈಗಷ್ಟ ಒಳಗ ಬಂದೇನಿ."