ಯರ್ರೆಪ್ಪನ ಹೆಗಲು
ಯರ್ರೆಪ್ಪನ ಮುತ್ತಜ್ಜ ಟಗರು ಹೊತ್ತು ತುಂಬಿದ ಹಗರಿ ಹೊಳೆ ದಾಟಿದವನು. ಅಪ್ಪ ಕಾಲು ಮುರಿದ ಕುರಿಯನ್ನು ಕೂಡ್ಲಿಗಿಯಿಂದ ಹಡಗಲಿವರೆಗೆ ಹೆಗಲ ಮೇಲೆ ತಂದವನು. ಯರ್ರೆಪ್ಪನೋ, ಊಟಕ್ಕೆ ಕೂತರೂ ಕೊರಳ ಸುತ್ತ ಒಂದು ಎಳೆಮರಿ ಇರಲೇಬೇಕು. ಈಗೀಗ ಬಲಗೈ ಜೋಮು ಹಿಡಿದು ರೊಟ್ಟಿ ಜಾರಿ ಬೀಳುತ್ತದೆ. ಬೊಮ್ಮನಹಳ್ಳಿಯ ಡಾಕ್ಟರು ಎರಡೂ ಕೈ ಮೇಲೆತ್ತಿಸಿ ಮುಷ್ಟಿ ಬಿಚ್ಚಿ ಮುಚ್ಚಲು ಹೇಳಿದರೆ, ಜಾತ್ರೆಯಲ್ಲಿ ಕೈಯೆತ್ತಿ ಕೂಗಿದ ಅಭ್ಯಾಸಬಲದಿಂದ ಮೈಲಾರಲಿಂಗನಿಗೆ "ಏಳುಕೋಟಿಗೇ" ಎಂದು ಕೂಗಿಯೇಬಿಟ್ಟ. ಕೂಗು ಮುಗಿಯುವಷ್ಟರಲ್ಲಿ ಬಲಗೈ ತಾನಾಗಿ ಕೆಳಗಿಳಿಯಿತು. "ಕುತ್ತಿಗಿಯಿಂದ ತೋಳಿಗೆ ಇಳಿಯೋ ನರ ಒತ್ತಿಕೊಂಡೈತ್ರಿ ಯಜಮಾನ್ರ, ಇನ್ನ ಹೆಗಲ ಮ್ಯಾಲ ಏನೂ ಹೊರಬ್ಯಾಡ್ರಿ, ಕೈ ಪೂರಾ ಸೋತುಹೋಗತೈತಿ" ಎಂದರು ಡಾಕ್ಟರು. ಮರುದಿನವೇ ತಾಯಿ ಸತ್ತ ಮರಿಯೊಂದು ಅವನ ಹೆಗಲೇರಿತ್ತು. ಹಿಡಿದ ಬೆರಳಿಗೆ ಅದರ ಉಣ್ಣೆ ತಿಳಿಯದು, ಕುತ್ತಿಗೆಗೆ ಮಾತ್ರ ಬಿಸಿಯುಸಿರು ತಾಕುತ್ತಿತ್ತು. "ಯಪ್ಪಾ, ಇತ್ತಾಗ ಕೊಡು" ಎಂದು ಮಗಳು ಮಂಜಮ್ಮ ಕೈಚಾಚಿದಳು. "ಸುಮ್ಕಿರವ್ವ, ಈಗರ ನಿದ್ದಿ ಹತ್ತೈತಿ ಅದಕ್ಕ. ಎಬ್ಬಿಸಬ್ಯಾಡ."