ಹಿತ್ತಲದಲ್ಲಿ ಬೈಯುವ ಇನ್ನೊಬ್ಬಳು

ನನ್ನ ದನಿ ದೊಡ್ಡದು. ಇದನ್ನು ತಪ್ಪೊಪ್ಪಿಗೆ ಎಂದು ತಿಳಿದರೂ ಸರಿ, ಬಡಾಯಿ ಎಂದು ತಿಳಿದರೂ ಸರಿ. ನಾಲ್ಕನೆಯ ಇಯತ್ತೆಗೆ ನನ್ನ ಶಾಲೆ ಬಿಡಿಸಿ, ಜೋಳದ ಹೊಲದ ನಡುವೆ ಮಂಚಿಕೆ ಹಾಕಿ ಅದರ ಮೇಲೆ ಕೂಡಿಸಿದರು, ಹಕ್ಕಿ ಕಾಯಲು. ಕೈಯಲ್ಲಿ ಕವಣೆ, ಬಾಯಲ್ಲಿ ಕೂಗು. ಉಳಿದ ಹುಡುಗಿಯರು ಮಗ್ಗಿ ಕಲಿಯುವ ಹೊತ್ತಿಗೆ ನಾನು ನಾಲ್ಕು ಹೊಲದಾಚೆ ಕೇಳುವಂತೆ ಬೈಯುವುದನ್ನು ಕಲಿತೆ. ಅವರಲ್ಲಿ ಎಷ್ಟು ಜನಕ್ಕೆ ಇವತ್ತು ಮಗ್ಗಿ ನೆನಪಿದೆಯೋ ಗೊತ್ತಿಲ್ಲ. ನನ್ನ ವಿದ್ಯೆ ನನ್ನ ಹತ್ತಿರವೇ ಇದೆ. ಕವಣೆ ಬೀಸುವ ರಟ್ಟೆ ಈಗ ಮೇಲೇಳುವುದಿಲ್ಲ. ಗಂಟಲಿಗೆ ಮಾತ್ರ ವಯಸ್ಸಾಗಿಲ್ಲ.

ಯಡ್ರಾಮಿಯ ಹೊರಗೆ, ಹೊಲದಲ್ಲೇ ನಮ್ಮ ಮನೆ. ನಾನು, ಮಗ, ಸೊಸೆ ಸುನಂದಾ. ಮನೆಯ ಒಂದು ಮಗ್ಗುಲಿಗೆ ಹಿತ್ತಲ. ಸುತ್ತ ಫರಸಿಕಲ್ಲು ನಿಲ್ಲಿಸಿದ ಗೋಡೆ, ರಸ್ತೆಯ ಕಡೆ ಒಂದು ತಗಡಿನ ಗೇಟು. ಒಳಗೆ ನಿಂಬೆ, ನುಗ್ಗೆ, ಬದನೆ, ಅವರೆಬಳ್ಳಿ. ಇವನ್ನೆಲ್ಲ ನೆಟ್ಟವಳು ನಾನು, ನೀರು ಹಾಕುವವಳು ನಾನು. ತಿನ್ನುವವರು ಬೇರೆ.

ಓದಿದವರು ಹಕ್ಕಿಗಳನ್ನು ಕೊಕ್ಕು, ಬಾಲ, ಬಣ್ಣ ನೋಡಿ ಗುರುತಿಸುತ್ತಾರಂತೆ. ನಾನು ಕಳ್ಳತನದ ರೀತಿ ನೋಡಿ ಗುರುತಿಸುತ್ತೇನೆ. ಗುಬ್ಬಿ ಬಂದು ಕುಳಿತು ತನ್ನ ಹೊಟ್ಟೆಗೆಷ್ಟೋ ಅಷ್ಟು ತಿಂದು ಹೋಗುತ್ತದೆ, ಅದು ನೆಂಟ. ಅಳಿಲು ಹಕ್ಕಿಯಲ್ಲ, ಆದರೂ ಇದೇ ಪಟ್ಟಿಗೆ ಸೇರಬೇಕು. ಅದು ತಿಂದು, ಹೋಗುವಾಗ ಬಾಯಲ್ಲಿ ಕಚ್ಚಿಕೊಂಡೂ ಹೋಗುತ್ತದೆ. ಅದು ಹತ್ತಿರದ ನೆಂಟ. ಗಿಳಿ ಒಂದು ತಿಂದು ಹತ್ತು ಕತ್ತರಿಸಿ ಕೆಳಗೆ ಚೆಲ್ಲುತ್ತದೆ. ಅದು ಬೀಗರ ಕಡೆಯವರು. ಈ ಗಿಳಿಗಳು ಭೀಮಾ ಹೊಳೆಯ ದಂಡೆಯಿಂದ ಬರುತ್ತವೆ ಎಂಬುದು ನನ್ನ ನಂಬಿಕೆ. ಅಷ್ಟು ದೂರದಿಂದ ಯಾವ ಗಿಳಿಯೂ ಬರುವುದಿಲ್ಲ ಎನ್ನುತ್ತಾಳೆ ಸುನಂದಾ. ಪುಕ್ಕಟೆ ಊಟವಿದ್ದರೆ ಎಷ್ಟು ದೂರದಿಂದ ಬರುತ್ತಾರೆಂದು ಅವಳಿಗಿನ್ನೂ ಗೊತ್ತಿಲ್ಲ.

ಏನನ್ನೂ ಕದಿಯದ ಒಂದೇ ಪ್ರಾಣಿ ಎಂದರೆ ಫರಸಿ ಗೋಡೆಯ ಮೇಲಿನ ಓತಿಕ್ಯಾತ. ಬಿಸಿಲು ಕಾಯಿಸುತ್ತ ಕುಳಿತಿರುತ್ತದೆ, ನಾನು ಏನು ಹೇಳಿದರೂ ತಲೆಯಾಡಿಸುತ್ತದೆ. ಈ ಮನೆಯಲ್ಲಿ ನನ್ನ ಮಾತಿಗೆ ತಲೆಯಾಡಿಸುವುದು ಅದೊಂದೇ. ಹಾಗಾಗಿ ಅದಕ್ಕೆ ನಾನು ಎಂದೂ ಕಲ್ಲು ಹೊಡೆದಿಲ್ಲ.

ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತು ಕೌದಿ ಹೊಲಿಯುತ್ತೇನೆ. ಹಳೆ ಬಟ್ಟೆಯ ದೊಡ್ಡದೊಂದು ಗಂಟಿದೆ ನನ್ನ ಹತ್ತಿರ. ಒಂದೊಂದು ತುಂಡೂ ಯಾರ ಮೈಮೇಲಿನದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇದು ಪ್ರೀತಿಯೇನಲ್ಲ. ಗಟ್ಟಿ ಬಟ್ಟೆ ಯಾವುದು, ಜಾಳು ಯಾವುದು ಎಂದು ತಿಳಿಯದಿದ್ದರೆ ಕೌದಿ ಎರಡು ವರ್ಷಕ್ಕೆ ಹರಿಯುತ್ತದೆ, ಅಷ್ಟೇ.

ಇಷ್ಟೆಲ್ಲ ಹೇಳಿದ್ದು ಸೀತನಿಯ ಸಲುವಾಗಿ. ಜೋಳದ ಕಾಳಿನ ಹಾಲು ಗಟ್ಟಿಯಾಗುವ ಹೊತ್ತಿಗೆ ಎಳೆ ತೆನೆ ಕೊಯ್ದು, ಸೆಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಗೋಣಿತಟ್ಟಿನಲ್ಲಿ ತಿಕ್ಕಿ ಕಾಳು ಬಿಡಿಸಿದರೆ ಅದು ಸೀತನಿ. ಶೇಂಗಾ ಹಿಂಡಿ, ಬೆಲ್ಲದ ಜೊತೆ ತಿನ್ನಬೇಕು. ಎಲ್ಲ ಜೋಳದಲ್ಲೂ ಇದು ಆಗುವುದಿಲ್ಲ. ಅದಕ್ಕೇ ಬೇರೆ ಜೋಳವಿದೆ. ನಮ್ಮವ್ವ ಆ ಬೀಜವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟಿರುತ್ತಿದ್ದಳು. ಮದುವೆಯಾಗಿ ಬರುವಾಗ ನನಗೊಂದು ಗಡಿಗೆ, ನನ್ನ ಅಕ್ಕ ಗುರುಬಾಯಿಗೊಂದು ಗಡಿಗೆ ಕೊಟ್ಟಳು. ಅಕ್ಕನನ್ನು ಕೊಟ್ಟದ್ದು ಅಫಜಲಪುರ ತಾಲೂಕಿನ ಮಣ್ಣೂರಿಗೆ, ಹೊಳೆಯ ದಂಡೆಗೆ.

ಹೊಳೆ ಊರೊಳಗೆ ಬಂದ ವರ್ಷ ಅಕ್ಕನ ಗಡಿಗೆ ಹೋಯಿತು. ಅವಳು ಫೋನು ಮಾಡಿ, ಎರಡು ಮುಷ್ಟಿ ಬೀಜ ಕೊಡು ಎಂದಳು. ನಾನು ಏನಂದೆ ಎಂಬುದನ್ನು ಇದ್ದಂತೆ ಬರೆಯುತ್ತೇನೆ: “ಹೊಳಿ ದಂಡ್ಯಾಗ ಮನಿ ಇಟಗೊಂಡು ಗಡಗಿ ನೆಲಕ್ಕ ಇಟ್ರ ಇನ್ನೇನ ಆಗ್ತದ? ಮದಲ ಅಟ್ಟದ ಮ್ಯಾಲ ಇಡೋದ ಕಲಿ, ಆಮ್ಯಾಲ ಕೇಳು.” ಅವಳು ಫೋನು ಇಟ್ಟಳು. ನಾಲ್ಕು ವರ್ಷ ಎತ್ತಲಿಲ್ಲ. ನಾನು ಹೇಳಿದ್ದು ಖರೆಯೇ ಆಗಿತ್ತು. ಸುಳ್ಳು ಹೇಳಿದ್ದರೆ ಇಷ್ಟು ದಿನ ಸಿಟ್ಟು ಹಿಡಿಯುತ್ತಿರಲಿಲ್ಲವೇನೋ.

ಈ ವರ್ಷ ಗಡಿಗೆಯ ಬಾಯಿ ತೆಗೆದು ನೋಡಿದರೆ ನನ್ನ ಬೀಜಕ್ಕೇ ಹುಳ ಹತ್ತಿತ್ತು. ಅಟ್ಟದ ಮೇಲೆ ಇಟ್ಟದ್ದೇ, ಬೂದಿ ಬೆರೆಸಿದ್ದೇ, ಆದರೂ ಹತ್ತಿತ್ತು. ಕೇರಿ, ಆರಿಸಿ ನೋಡಿದರೆ ಗಟ್ಟಿ ಕಾಳು ಒಂದು ಮುಷ್ಟಿ. ಅವ್ವನ ಬೀಜವೆಂದು ಈ ಭೂಮಿಯ ಮೇಲೆ ಉಳಿದದ್ದು ಅಷ್ಟೇ. ಕಣ್ಣ ಮುಂದಿರಲಿ ಎಂದು ಹಿತ್ತಲದಲ್ಲೇ ನಾಲ್ಕು ಸಾಲು ಬಿತ್ತಿದೆ. ಹಾಲು ತುಂಬುತ್ತಲೇ ಗಿಳಿಗಳ ಹಿಂಡು ಇಳಿಯಿತು.

ಮೊದಲು ನನ್ನ ಗಂಡನ ಕರಿ ಕೋಟು ತೊಡಿಸಿ ಬೆದರುಗೊಂಬೆ ನಿಲ್ಲಿಸಿದೆ. ಅವರು ಹೋಗಿ ಒಂಬತ್ತು ವರ್ಷವಾಯಿತು, ಕೋಟು ಇನ್ನೂ ಗಟ್ಟಿಯಿತ್ತು. ಮರುದಿನವೇ ಗಿಳಿಯೊಂದು ಅದರ ಹೆಗಲ ಮೇಲೆ ಕೂತು ತೆನೆ ತಿನ್ನುತ್ತಿತ್ತು. ನನಗೇನೂ ಆಶ್ಚರ್ಯವಾಗಲಿಲ್ಲ. ಇದ್ದಾಗಲೂ ಆ ಮನುಷ್ಯ ಯಾರನ್ನೂ ಹೆದರಿಸಿದವರಲ್ಲ. ಹೊಸ್ತಿಲಲ್ಲಿ ಕೂತ ಕೋಳಿಗೂ “ಸ್ವಲ್ಪ ಸರಿಯವ್ವಾ” ಎಂದು ಹೇಳಿ ದಾಟುತ್ತಿದ್ದರು. ಕೋಟು ತೆಗೆದು ನನ್ನ ಹಳೆಯ ಇಳಕಲ್ ಸೀರೆ ಉಡಿಸಿ, ತಲೆಯ ಮೇಲೆ ಸೆರಗು ಹೊದಿಸಿದೆ. ಮೂರು ದಿನ ಒಂದು ಗಿಳಿಯೂ ಗೋಡೆ ದಾಟಲಿಲ್ಲ. ಇದರಿಂದ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ನಾಲ್ಕನೆಯ ದಿನ ಬಂದವು. ಸೀರೆ ಇದೆ, ಬಾಯಿ ಇಲ್ಲ ಎಂದು ಅವಕ್ಕೆ ತಿಳಿದಿರಬೇಕು. ಆಗ ಸುನಂದಾ ಸಂತೆಯಿಂದ ಒಂದು ಮೈಕು ತಂದಳು. ಈಗ ಹೊಲಹೊಲದಲ್ಲಿ ಹಂದಿ ಓಡಿಸಲು ಕಟ್ಟುತ್ತಾರಲ್ಲ, ಆ ಬ್ಯಾಟರಿ ಮೈಕು. ಒಮ್ಮೆ ದನಿ ತುಂಬಿಟ್ಟರೆ ದಿನವಿಡೀ ಅದನ್ನೇ ಕೂಗುತ್ತಿರುತ್ತದೆ.

“ಯಾರ ದನಿ ತುಂಬತಿ?” ಎಂದು ಕೇಳಿದೆ.

“ತುಂಬಿ ಆಗ್ಯಾದ್ರಿ ಅತ್ತಿ. ಮುಂಜಾನೆ ನೀವು ಗಿಳಿಗೋಳಿಗೆ ಬೈಯಾಕತ್ತಿದ್ರಲ್ಲ, ಅದನ್ನ ಮಾಳಿಗಿ ಮ್ಯಾಲ ನಿಂತು ತುಂಬೀನಿ. ಇದಕ್ಕಿಂತ ಛಲೋದು ಎಲ್ಲಿ ಸಿಗಬೇಕ್ರಿ!”

ಗೊಂಬೆಯ ಎದೆಗೆ ಮೈಕು ಕಟ್ಟಿ ಗುಂಡಿ ಒತ್ತಿದಳು. ನನ್ನ ದನಿಯನ್ನು ಹೊರಗಿನಿಂದ ನಾನು ಕೇಳಿದ್ದು ಅದೇ ಮೊದಲು. “ಏ! ಬಂದ್ಯಾ? ಮತ್ತ ಬಂದ್ಯಾ? ಬಾಯಿ ತಕ್ಕೊಂಡು ತಿನ್ನಾಕ ಬಂದ್ಯಾ? ನಿಮ್ಮ ಹೊಳಿ ದಂಡ್ಯಾಗ ಏನೂ ಬೆಳಿಯಂಗಿಲ್ಲೇನು? ನಾಚಿಕಿ ಇಲ್ಲೇನು? ನಡಿ, ನಡಿ!” ಆಮೇಲೆ ತಾಟು ಬಡಿದ ಸದ್ದು, ತುಸು ಸುಮ್ಮನೆ, ಮತ್ತೆ ಮೊದಲಿನಿಂದ. ಅಷ್ಟು ವರ್ಷ ಈ ದನಿಯ ಜೊತೆ ಸಂಸಾರ ಮಾಡಿದ ಗಂಡನ ಬಗ್ಗೆ ಆವತ್ತು ಸ್ವಲ್ಪ ಗೌರವ ಬಂತು.

ಮೈಕನ್ನು ಪೂರ್ತಿ ನಂಬಿದೆನೆಂದಲ್ಲ. ಹನ್ನೆರಡು ಒಳ್ಳೆಯ ತೆನೆಗಳನ್ನು ಬೀಜಕ್ಕೆಂದು ಆರಿಸಿ, ಕೌದಿಯ ಗಂಟಿನಿಂದ ಬಟ್ಟೆ ತೆಗೆದು ಸಣ್ಣ ಚೀಲ ಹೊಲಿದು ಒಂದೊಂದಕ್ಕೂ ತೊಡಿಸಿದೆ. ಯಾವ ಬಟ್ಟೆ ಎಂಬುದು ಆಮೇಲೆ ಬರುತ್ತದೆ.

ಅಷ್ಟರಲ್ಲಿ ಎಳ್ಳಮಾವಾಸ್ಯೆ. ಆ ಒಂದು ದಿನ ಮೈಕು ಬಂದ್ ಮಾಡಿಸಿದೆ. ಸಜ್ಜೆಯ ಕಡುಬು, ಬಜ್ಜಿ, ರೊಟ್ಟಿ ಎಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲುವ ದಿನ ಅದು. ಭೂಮಿತಾಯಿಗೆ ಎಂದು ಹೇಳಿ ಚೆಲ್ಲುತ್ತೇವೆ. ಉಣ್ಣುವವರು ಹಕ್ಕಿ, ಇರುವೆ, ಇಲಿ. ಕೂಗಿ ಕರೆದು ಉಣಿಸುತ್ತೇವೆ, ಮರುದಿನ ಅದೇ ಬಾಯಿಂದ ಬೈಯುತ್ತೇವೆ. ಹಕ್ಕಿಗಳು ಇದನ್ನು ಮನಸ್ಸಿಗೆ ಹಚ್ಚಿಕೊಂಡದ್ದು ನಾನು ಕಂಡಿಲ್ಲ. ಚರಗಕ್ಕೂ ಬರುತ್ತವೆ, ಬೈಗುಳಕ್ಕೂ ಬರುತ್ತವೆ. ಮನುಷ್ಯರೇ ಕಷ್ಟ. ಚರಗ ಚೆಲ್ಲಿದ ಕೈಯಲ್ಲೇ ಅಕ್ಕನಿಗೆ ಫೋನು ಹಚ್ಚಿದೆ. ಆವತ್ತು ಎತ್ತಿದಳು.

“ಸೀತನಿ ಆಗ್ಯಾವ. ಬಾ” ಅಂದೆ.

“ನೋಡೋಣು” ಅಂದು ಇಟ್ಟಳು.

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಸೀತನಿ ಕಾಯುವುದು ಎಂಟು ದಿನ. ಆಮೇಲೆ ಕಾಳು ಗಟ್ಟಿಯಾಗಿ ಬರೀ ಜೋಳವಾಗುತ್ತದೆ. ನಾಲ್ಕು ದಿನ ಗೇಟು ನೋಡಿದೆ. ಐದನೆಯ ದಿನ ನೋಡುವುದನ್ನು ಬಿಟ್ಟು ಮನೆಯ ಹಿಂದೆ ಬೇವಿನ ಕೆಳಗೆ ಕೌದಿ ಹಿಡಿದು ಕೂತೆ. ಹಿತ್ತಲದಲ್ಲಿ ಮೈಕು ತನ್ನಷ್ಟಕ್ಕೆ ಬೈಯುತ್ತಿತ್ತು. ಸ್ವಲ್ಪ ಹೊತ್ತಿಗೆ ಏನೋ ಬೇರೆ ಅನಿಸಿತು. ಸೂಜಿ ನಿಲ್ಲಿಸಿ ಕಿವಿಗೊಟ್ಟೆ. ಮೈಕಿಗೆ ಯಾರೋ ಉತ್ತರ ಕೊಡುತ್ತಿದ್ದರು.

“ಬಂದ್ಯಾ? ಮತ್ತ ಬಂದ್ಯಾ?” ಎಂದಿತು ನನ್ನ ದನಿ.

“ನಾಕ ವರ್ಷಕ್ಕ ಒಮ್ಮಿ ಬಂದೀನಿ! ಇದಕ್ಕ ಮತ್ತ ಅಂತಾರೇನ ಬೇ?”

“ಬಾಯಿ ತಕ್ಕೊಂಡು ತಿನ್ನಾಕ ಬಂದ್ಯಾ?”

“ಬಾಯಾಗ ಹಲ್ಲ ಎಲ್ಲಿ ಅದಾವ ತಿನ್ನಾಕ? ಕರದಾಕಿ ನೀನ, ಬೈಯಾಕಿನೂ ನೀನ!”

“ನಿಮ್ಮ ಹೊಳಿ ದಂಡ್ಯಾಗ ಏನೂ ಬೆಳಿಯಂಗಿಲ್ಲೇನು?”

“ಬೆಳಿತಿತ್ತು! ಎರಡ ಮುಷ್ಟಿ ಬೀಜಾ ಕೊಟ್ಟಿದ್ರ ಬೆಳಿತಿತ್ತು! ಅಟ್ಟದ ಮ್ಯಾಲ ಇಡು ಅಂತ ಹೇಳಾಕ ಬಂದಿದ್ದಿ, ಅಟ್ಟಾನ ಬಿದ್ದು ಹೊಳ್ಯಾಗ ಹೋಗಿತ್ತು, ಅದನ್ನ ಕೇಳಿದ್ಯಾ ನೀ?”

ಅಟ್ಟ ಬಿದ್ದದ್ದು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಎದ್ದು ಬಂದು ಮನೆಯ ಮೂಲೆಯಿಂದ ನೋಡಿದೆ. ಅಕ್ಕ ಗೇಟಿನಲ್ಲಿ ಚೀಲ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು, ಜೋಳದ ಸಾಲಿನಲ್ಲಿ ನಿಂತ ಇಳಕಲ್ ಸೀರೆಯ ಜೊತೆ ಜಗಳಾಡುತ್ತಿದ್ದಳು. ಅವಳ ಕಣ್ಣು ಮೊದಲಿನಷ್ಟು ಚುರುಕಿಲ್ಲ. ಮಣ್ಣೂರಿನಿಂದ ಆಧಾರ ಕಾರ್ಡು ತೋರಿಸುತ್ತ ಮೂರು ಬಸ್ಸು ಬದಲಿಸಿ ಬಂದ ದಣಿವು ಬೇರೆ. ಮೈಕು ತಾಟು ಬಡಿದು ಮತ್ತೆ ಮೊದಲಿನಿಂದ ಅದೇ ಮಾತು ಶುರುಮಾಡಿತು. ಆಗಲಾದರೂ ಅವಳಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಹೇಳಿದ್ದನ್ನೇ ಹೇಳುವುದು ನನ್ನ ಸ್ವಭಾವವೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅವಳೂ ಮೊದಲಿನಿಂದ ಶುರುಮಾಡಿದಳು. ಎರಡನೆಯ ಸುತ್ತಿನಲ್ಲಿ ನನ್ನ ಮಗನ ಮದುವೆಯಲ್ಲಿ ಅವಳಿಗೆ ಉಡಿಸಿದ ಸೀರೆ ಜಾಳಿತ್ತು ಎಂಬುದು ಬಂತು. ಮೂರನೆಯ ಸುತ್ತಿನಲ್ಲಿ ಅವ್ವ ಸಾಯುವಾಗ ನಾನು ಆಡಿದ ಒಂದು ಮಾತು ಬಂತು. ನಾನು ನಡುವೆ ಹೋಗಲಿಲ್ಲ. ಎದುರಿಗೆ ನಾನೇ ಇದ್ದಿದ್ದರೆ ಒಂದೊಂದಕ್ಕೂ ತಿರುಗಿ ಕೊಡುತ್ತಿದ್ದೆ. ಮೈಕಿಗೆ ಗೊತ್ತಿದ್ದದ್ದು ಐದೇ ಮಾತು. ಹಾಗಾಗಿ ಅಕ್ಕನಿಗೆ ಎಲ್ಲ ಹೇಳಿ ಮುಗಿಸಲು ಅವಕಾಶ ಸಿಕ್ಕಿತು.

ಹಿಟ್ಟಿನ ಕೈಯಲ್ಲೇ ಓಡಿಬಂದ ಸುನಂದಾ ಎಲ್ಲ ಕೆಡಿಸಿದಳು. “ದೊಡ್ಡತ್ತೀ, ಅದು ಗೊಂಬಿ ಅದರೀ! ಅತ್ತಿ ಇಲ್ಲೇ ನಿಂತಾರ ನೋಡ್ರಿ!”

ಅಕ್ಕ ನನ್ನನ್ನು ನೋಡಿದಳು, ಗೊಂಬೆಯನ್ನು ನೋಡಿದಳು, ಸುನಂದಾಳ ಕಡೆ ತಿರುಗಿದಳು. “ಒಬ್ಬಾಕಿ ಸಾಕಾಗಿದ್ದಿಲ್ಲೇನವಾ ನಿಮಗ, ಇನ್ನೊಬ್ಬಾಕಿನ್ನ ಮಾಡೀರಿ?”

ನಾನು ಕ್ಷಮೆ ಕೇಳುವವಳಲ್ಲ. ಹೇಗೆ ಕೇಳಬೇಕೆಂದು ಯಾರೂ ಕಲಿಸಲಿಲ್ಲ. ಅವಳ ಚೀಲ ಎತ್ತಿಕೊಂಡು ಒಳಗಿಟ್ಟೆ, ಕುಳ್ಳಿಗೆ ಬೆಂಕಿ ಹಚ್ಚಿದೆ. ತೆನೆ ಕೊಯ್ಯಲು ಹೋದಾಗ ಅವಳೂ ಹಿಂದೆ ಬಂದಳು. ಚೀಲ ತೊಟ್ಟ ತೆನೆಗಳ ಮುಂದೆ ನಿಂತು ಒಂದು ಚೀಲವನ್ನು ಬೆರಳಲ್ಲಿ ಹಿಡಿದು ಕಣ್ಣ ಹತ್ತಿರ ತಂದಳು.

“ಇದು ನನ್ನ ಹಸರ ಸೀರಿ.”

“ಹೌದು. ಕೌದಿಗಂತ ನೀನ ಕೊಟ್ಟಿದ್ದಿ.”

“ಆರಕ್ಕ ನನ್ನ ಸೀರಿ, ಆರಕ್ಕ ನಿನ್ನ ಸೀರಿ ಯಾಕ?”

“ನಿನ್ನ ಸೀರಿ ತೊಟ್ಟಾವು ನಿನ್ನ ಬೀಜಾ. ನನ್ನವು ನನ್ನ ಬೀಜಾ. ಒಂದರಾಗ ಒಂದ ಬೆರಿಬಾರದಲ್ಲ.”

ಒಂದು ಚೀಲದ ದಾರ ಸಡಿಲಾಗಿತ್ತು, ಅದನ್ನು ಬಿಗಿದಳು. ಗಡಗಿ ಎಲ್ಲಿ ಇಡತಿ ಎಂದು ಕೇಳಲು ನನ್ನ ಬಾಯಿ ತೆರೆದಿತ್ತು, ಮುಚ್ಚಿಕೊಂಡೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಪಕ್ಕದಲ್ಲೇ ಮೈಕು, “ನಾಚಿಕಿ ಇಲ್ಲೇನು?” ಎಂದಿತು. ಬಂದ್ ಮಾಡಲು ಹೋದೆ.

“ಇರಲಿ ಬಿಡು,” ಎಂದಳು ಅಕ್ಕ. “ಖರೆ ಕೇಳಾಕತ್ತದ.”

ಅವಳ ಪಾಲಿನ ಸೀತನಿಯನ್ನು ಸುನಂದಾ ಬೆಲ್ಲ ಹಾಕಿ ಒರಳಲ್ಲಿ ಕುಟ್ಟಿ ಕೊಟ್ಟಳು. ಹಲ್ಲಿಲ್ಲದ ಬಾಯಿಂದ ನನಗಿಂತ ಹೆಚ್ಚು ತಿಂದಳು. ಮರುದಿನ ಹೊರಡುವಾಗ ಗೊಂಬೆಯ ಎದೆಯಿಂದ ತಾನೇ ಮೈಕು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಅವಳ ಪೇರಲ ಗಿಡಕ್ಕೂ ಗಿಳಿ ಬರುತ್ತವಂತೆ.

“ಅವು ಅದಕ್ಕ ಹೆದರಂಗಿಲ್ಲ. ಈಗ ಅದರ ಮ್ಯಾಲ ಕುಂಡರಾಕತ್ತಾವ” ಎಂದು ಇದ್ದದ್ದನ್ನು ಹೇಳಿದೆ.

“ಗಿಳಿ ಸಲುವಾಗಿ ಯಾರು ಒಯ್ಯಾಕತ್ತಾರ?” ಎಂದಳು.

ಇದಾಗಿ ತಿಂಗಳು ದಾಟಿತು. ತೆನೆಗಳು ಬಲಿತವು. ಬಡಿದು, ಒಣಗಿಸಿ, ಬೂದಿ ಬೆರೆಸಿ ಎರಡು ಗಡಿಗೆ ಮಾಡಿದೆ. ಅವಳದ್ದು ಒಂದು ಹಿಡಿ ಹೆಚ್ಚೇ ಆಯಿತು. ಹಸಿರು ಸೀರೆಯ ಬಟ್ಟೆ ಗಟ್ಟಿಯಿತ್ತು, ನನ್ನದನ್ನು ಅಳಿಲು ಎರಡು ಕಡೆ ಹರಿದಿತ್ತು. ಸರಿಮಾಡಲು ಹೋಗಲಿಲ್ಲ. ನಿನ್ನೆ ಅಕ್ಕನ ಫೋನು ಬಂತು.

“ಚಂದೂ, ಮೈಕಿನ ಬ್ಯಾಟರಿ ಸತ್ತದ. ನೀನ ಬಂದು ಬೈದು ಹೋಗು.”

ನಾಳೆಯ ಮೊದಲ ಬಸ್ಸಿಗೆ ಹೊರಟಿದ್ದೇನೆ. ಮಡಿಲಲ್ಲಿ ಗಡಿಗೆ ಇರುತ್ತದೆ. ಮೊದಲ ಸುತ್ತು ಅವಳೇ ಬೈಯಲಿ ಎಂದುಕೊಂಡಿದ್ದೇನೆ. ಮೈಕಿಗೆ ಸಾಧ್ಯವಾದಷ್ಟು ಹೊತ್ತು ನನಗೂ ತಿರುಗಿ ಕೊಡದೆ ಇರಲು ಸಾಧ್ಯವಾಗಬೇಕು. ಇದನ್ನು ಬೆಳಿಗ್ಗೆ ಗೋಡೆಯ ಮೇಲಿನ ಓತಿಕ್ಯಾತಕ್ಕೆ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸುವ ಅದು, ಇದೊಂದಕ್ಕೆ ಮಾತ್ರ ನನ್ನ ಮುಖವನ್ನೇ ನೋಡುತ್ತ ಸುಮ್ಮನೆ ಕುಳಿತಿತ್ತು.